ಗೀರು ಬಿದ್ದ ಬೆಳ್ಳಿ

ಬೀದಿಯವರೆಲ್ಲ ಅವನನ್ನು ಚಿಲ್ಲರೆ ಮಾಮ ಎನ್ನುತ್ತಿದ್ದರು. ಹಳೆಯ ನಾಣ್ಯ ಮಾರುವವನಿಗೆ ಇದಕ್ಕಿಂತ ಮರ್ಯಾದೆಯ ಹೆಸರು ಎಲ್ಲಿಂದ ಬರಬೇಕು ಎಂದು ಅವನೂ ನಗುತ್ತಿದ್ದ. ನಿಜ ಹೇಳಬೇಕೆಂದರೆ ಆ ಬೀದಿಯಲ್ಲಿ ಚಿಲ್ಲರೆ ಬುದ್ಧಿ ಇಲ್ಲದ ವ್ಯಾಪಾರಿ ಅವನೊಬ್ಬನೇ. ಗಡಿಯಾರ ರಿಪೇರಿಯವನಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಅವನ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ಹೊರಗೆ ಕಾಯಬೇಕಿತ್ತು. ಒಂದು ಮೇಜು, ಅದರ ಮೇಲೆ ಕಪ್ಪು ಬಟ್ಟೆ, ಒಂದು ಭೂತಗನ್ನಡಿ, ಸಣ್ಣದೊಂದು ತಕ್ಕಡಿ, ಎರಡು ಕುರ್ಚಿ, ಗೋಡೆಯುದ್ದಕ್ಕೂ ತೆಳ್ಳನೆಯ ಡ್ರಾಯರುಗಳು. ಐವತ್ತೆಂಟಾದರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಹೆಂಡತಿ ಬಂದರೆ ಎಲ್ಲಕ್ಕಿಂತ ಮೊದಲು ನಾಣ್ಯಗಳನ್ನು ತೊಳೆದಿಡುತ್ತಾಳೆ, ಅದಕ್ಕೇ ಹೆದರಿದೆ ಎನ್ನುತ್ತಿದ್ದ.

ಅದು ಪೂರಾ ತಮಾಷೆಯೂ ಅಲ್ಲ. ನಾಣ್ಯದ ಮೈಯನ್ನು ಮುಟ್ಟಬಾರದು, ಕಾಲ ಹತ್ತಿಸಿದ ಬಣ್ಣವನ್ನು ಕೆರೆಯಬಾರದು, ಅಂಚು ಹಿಡಿದೇ ಎತ್ತಬೇಕು. ಈ ಮೂರು ಮಾತು ತಪ್ಪಿದವರನ್ನು ಅವನು ಕ್ಷಮಿಸಿದ್ದೇ ಇಲ್ಲ. ಅವನ ಹಳೆಯ ಗಿರಾಕಿ, ಹಲ್ಲಿನ ಡಾಕ್ಟರು, ಇನ್ನೂರು ವರ್ಷದ ತಾಮ್ರದ ಬಿಲ್ಲೆಯೊಂದನ್ನು ಹಲ್ಲು ಉಜ್ಜುವ ಮಿಷಿನ್ನಿಗೆ ಕೊಟ್ಟು ಪಳಪಳ ಮಾಡಿ ತಂದಾಗ ಆರು ತಿಂಗಳು ಅವರೊಡನೆ ಮಾತು ಬಿಟ್ಟಿದ್ದ. ಇನ್ನೊಮ್ಮೆ ತಾನು ಮಾರಿದ ನಾಣ್ಯವೊಂದು ಮುಖದ ಮೇಲೆ ಗೀರು ಬಿದ್ದು ಮರಳಿ ಬಂತು. ಅಂಗಡಿಗೆ ಬೀಗ ಹಾಕಿ, ಅದು ಯಾರಿಂದ ಯಾರ ಕೈಗೆ ಹೋಯಿತೆಂದು ನಾಲ್ಕು ಮನೆಯ ಬಾಗಿಲು ತಟ್ಟಿ, ಕೊನೆಗೆ ಒಬ್ಬ ಪಾತ್ರೆ ಅಂಗಡಿಯವನನ್ನು ಹಿಡಿದು ನಡುಬೀದಿಯಲ್ಲಿ ನಿಲ್ಲಿಸಿ ಬೈದಿದ್ದ. ಜೊತೆಗೆ ಹೋಗಿದ್ದ ಅಳಿಯ ನಕ್ಕು ನಕ್ಕು ಗೋಡೆಗೆ ಒರಗಿಕೊಂಡಿದ್ದ.

ಅಳಿಯ ಎಂದರೆ ತಂಗಿಯ ಮಗ. ತಂಗಿ ಎರಡು ಬೀದಿ ಆಚೆ, ಒಂದು ಮಹಡಿಯ ಮೇಲೆ, ಬಟ್ಟೆ ಹೊಲಿದು ಬದುಕುತ್ತಿದ್ದಳು. ಗಂಡ ಬೇಗ ತೀರಿಕೊಂಡಿದ್ದ. ಒಂದು ಹೊಲಿಗೆ ಮಿಷಿನ್ನು, ಒಬ್ಬ ಮಗ, ಒಬ್ಬ ಅಣ್ಣ, ಇಷ್ಟೇ ಅವಳ ಸಂಸಾರ. ಮಧ್ಯಾಹ್ನ ಒಂದಕ್ಕೆ ಊಟದ ಡಬ್ಬಿ ತಂದು ಅಣ್ಣನ ಮೇಜಿನ ಮೂಲೆಯಲ್ಲಿಟ್ಟು, ಹಿಂದಿನ ದಿನದ ಖಾಲಿ ಡಬ್ಬಿ ಎತ್ತಿಕೊಂಡು, "ನೆನ್ನೆ ಪೂರ್ತಿ ತಿಂದಿಲ್ಲ ನೀನು" ಎಂದು ಒಂದು ಮಾತು ಅಂದು ಹೋಗುತ್ತಿದ್ದಳು. ಮಗ ಲಾರಿ ಮೆಕ್ಯಾನಿಕ್ಕು. ಕೈಯೆಲ್ಲ ಗ್ರೀಸು, ಬಾಯಿ ತುಂಬ ಮಾತು. ಭಾನುವಾರ ಮಾತ್ರ ಸೋಪು ಹಾಕಿ ಕೈ ತೊಳೆದು ಮಾಮನ ಎದುರಿನ ಕುರ್ಚಿಯಲ್ಲಿ ಬಂದು ಕೂರುತ್ತಿದ್ದ. ನಾಣ್ಯಗಳ ಬಗ್ಗೆ ಅವನಿಗೆ ಮಾಮನಷ್ಟೇ ಗೊತ್ತಿತ್ತು. ಆದರೆ ಮಾಮನಷ್ಟು ಭಕ್ತಿ ಇರಲಿಲ್ಲ.

ಚಿಲ್ಲರೆ ಮಾಮನಿಗೆ ಒಂದು ನಂಬಿಕೆ ಇತ್ತು. ಒಳ್ಳೆಯ ನಾಣ್ಯ ಕೈ ಬಿಟ್ಟು ಹೋಗುವುದು ಮನುಷ್ಯ ಹೋದ ಮೇಲೇ. ಮೂವತ್ತು ವರ್ಷ ಅವನು ಕಂಡದ್ದೂ ಹಾಗೆಯೇ. ಪ್ರೀತಿಯಿಂದ ಕೊಂಡ ನಾಣ್ಯವನ್ನು ಕೊಂಡವರೇ ಮರಳಿ ತರುವುದಿಲ್ಲ. ಹೆಂಡತಿ ತರುತ್ತಾಳೆ, ಇಲ್ಲವೇ ಮಗ ತರುತ್ತಾನೆ. ಕರವಸ್ತ್ರದ ಗಂಟು ಬಿಚ್ಚಿ ಕಪ್ಪು ಬಟ್ಟೆಯ ಮೇಲೆ ಸುರಿಯುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ಇವನಿಗೆ ಯಾರು ಸತ್ತರೆಂದು ತಿಳಿದಿರುತ್ತಿತ್ತು. ನಾಣ್ಯದ ಅಂಚಿನ ಒಂದು ತಗ್ಗು, ರಾಜನ ಮೂಗಿನ ಬಳಿಯ ಒಂದು ಕಲೆ, ಇವನಿಗೆ ಜನರ ಮುಖಕ್ಕಿಂತ ಚೆನ್ನಾಗಿ ನೆನಪಿರುತ್ತಿದ್ದವು. "ಪಾಪ, ಹೋಗಿಬಿಟ್ರಾ" ಎನ್ನುತ್ತಿದ್ದ. ಬಂದವರು ಬೆಚ್ಚಿ ಬೀಳುತ್ತಿದ್ದರು.

ಯುದ್ಧ ಶುರುವಾದ ಮೊದಲ ಮೂರು ತಿಂಗಳು ಅಂಗಡಿಗೆ ನೊಣವೂ ಬರಲಿಲ್ಲ. ಹಾಲಿಗೆ ಸಾಲು ನಿಲ್ಲುವ ಕಾಲದಲ್ಲಿ ಯಾರಿಗೆ ಬೇಕು ಸತ್ತ ರಾಜರ ತಲೆ. ಆಮೇಲೆ ನೋಟಿನ ಬೆಲೆ ಇಳಿಯತೊಡಗಿತು. ಬೆಳಗ್ಗೆ ಎರಡು ಬ್ರೆಡ್ಡು ಕೊಳ್ಳುವ ನೋಟು ಸಂಜೆಗೆ ಒಂದನ್ನೂ ಕೊಳ್ಳಲಾರದು ಎಂದಾದಾಗ ಜನ ಬೆಳ್ಳಿಯ ಹಿಂದೆ ಬಿದ್ದರು. ಬೆಳ್ಳಿ ಏರಿತು, ಮತ್ತೆ ಏರಿತು. ವರ್ಷ ಕಳೆಯುವುದರೊಳಗೆ ಎಲ್ಲ ತಲೆಕೆಳಗಾಯಿತು. ತೀರಾ ಸಾಮಾನ್ಯವಾದ ಬೆಳ್ಳಿ ನಾಣ್ಯ ತೂಕದ ಲೆಕ್ಕದಲ್ಲಿ ಹತ್ತು ಪಟ್ಟು ತುಟ್ಟಿಯಾಯಿತು. ಪ್ರಪಂಚದಲ್ಲಿ ಇಪ್ಪತ್ತೇ ಇರುವ ತಾಮ್ರದ ಬಿಲ್ಲೆಯನ್ನು ಕೇಳುವವರೇ ಇಲ್ಲವಾದರು. ಹೊಸದಾಗಿ ದುಡ್ಡು ಕಂಡ ಸೈನ್ಯದ ಕಂಟ್ರಾಕ್ಟರುಗಳು ಒಬ್ಬಿಬ್ಬರು ಬಂದು, ವರ್ಷ ಕೇಳದೆ, ಟಂಕಸಾಲೆ ಕೇಳದೆ, ಚಿನ್ನದ್ದು ಇದೆಯೇ ಎಂದಷ್ಟೇ ಕೇಳಿ, ಹಲ್ಲಿನಿಂದ ಕಚ್ಚಿ ನೋಡಿ ಒಯ್ದರು. ಕಚ್ಚಿದ ಕಡೆ ನೋಡಲಾರದೆ ಚಿಲ್ಲರೆ ಮಾಮ ಮುಖ ತಿರುಗಿಸಿಕೊಳ್ಳುತ್ತಿದ್ದ.

ಹಲ್ಲಿನ ಡಾಕ್ಟರೂ ತಮ್ಮ ಸಂಗ್ರಹ ತಂದರು. ಸಾಮಾನ್ಯದ್ದನ್ನೆಲ್ಲ ತೂಕಕ್ಕೆ ಹಾಕಿದರು. ಹನ್ನೊಂದು ಒಳ್ಳೆಯ ನಾಣ್ಯ ಮಾತ್ರ ಕೋಟಿನ ಒಳಜೇಬಿನಲ್ಲಿ ಉಳಿದವು. "ಇವು ನಾನು ಹೋದ ಮೇಲೆ ಬರ್ತವೆ ನಿಮ್ಮ ಹತ್ರ" ಎಂದು ನಕ್ಕರು. ತನ್ನ ನಂಬಿಕೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದುಕೊಂಡ ಚಿಲ್ಲರೆ ಮಾಮ.

ಆಗಲೇ ಅವನಿಗೆ ಕುಲುಮೆಯವನ ಕೆಲಸ ಸಿಕ್ಕಿದ್ದು. ಊರಾಚೆ ಬೆಳ್ಳಿ ಕರಗಿಸಿ ಗಟ್ಟಿ ಮಾಡುವ ಒಂದು ಕುಲುಮೆ ಇತ್ತು. ನದಿಯ ಈಚೆಯಿಂದಲೂ ಆಚೆಯಿಂದಲೂ ಜನ ತೂಕಕ್ಕೆ ಮಾರಿದ ನಾಣ್ಯಗಳೆಲ್ಲ ಗೋಣಿಚೀಲಗಳಲ್ಲಿ ಅಲ್ಲಿಗೇ ಬರುತ್ತಿದ್ದವು. ಯುದ್ಧ ಸೀಮೆಯನ್ನು ನದಿಯ ಗುಂಟ ಎರಡಾಗಿ ಸೀಳಿತ್ತು, ಆದರೆ ಬೆಳ್ಳಿಗೆ ಆ ಕಟ್ಟುಪಾಡು ಇರಲಿಲ್ಲ. ಕರಗಿಸುವ ಮೊದಲು ಚಿಲ್ಲರೆ ಮಾಮ ಚೀಲವನ್ನು ಅಂಗಡಿಗೆ ತರಿಸಿಕೊಂಡು ಸುರಿದು ನೋಡಬೇಕು, ತೂಕಕ್ಕಿಂತ ಹೆಚ್ಚು ಬಾಳುವುದೇನಾದರೂ ಇದ್ದರೆ ಎತ್ತಿಡಬೇಕು, ಉಳಿದದ್ದು ಬೆಂಕಿಗೆ. ಇಡೀ ಸೀಮೆಯಲ್ಲಿ ಆ ಕಣ್ಣಿದ್ದವನು ಇವನೊಬ್ಬನೇ. ಹೀಗಾಗಿ ನೂರಾರು ಮೈಲಿಯ ಬೆಳ್ಳಿಯೆಲ್ಲ ಇವನ ಮೇಜಿನ ಮೇಲೆ ಹಾದು ಹೋಗುತ್ತಿತ್ತು. ನೂರರಲ್ಲಿ ತೊಂಬತ್ತೊಂಬತ್ತನ್ನು ಬಲಗೈಯಿಂದ ಸಾವಿಗೆ ತಳ್ಳುತ್ತಿದ್ದ. ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಸೇರಿತು. ಮನುಷ್ಯನಿಗೆ ಎಲ್ಲವೂ ರೂಢಿಯಾಗುತ್ತದೆ, ಅದೇ ಅವನ ಕೇಡು.

ಅಳಿಯನಿಗೆ ಸೈನ್ಯದಿಂದ ಕರೆ ಬಂತು. ಹೊರಡುವ ಹಿಂದಿನ ದಿನ ಮಾಮನ ಬಳಿ ಬಂದ. ಚಿಲ್ಲರೆ ಮಾಮ ಡ್ರಾಯರಿನಿಂದ ಒಂದು ಬೆಳ್ಳಿ ನಾಣ್ಯ ತೆಗೆದ. ಅಚ್ಚು ಬಿರಿದ ಮೇಲೂ ಟಂಕಸಾಲೆಯವರು ಅದರಲ್ಲೇ ಹೊಡೆದ ನಾಣ್ಯ ಅದು. ರಾಜನ ಕಿವಿಯಿಂದ ಗದ್ದದವರೆಗೆ ಕೂದಲೆಳೆಯಂಥ ಗೆರೆಯೊಂದು ಉಬ್ಬಿ ನಿಂತಿತ್ತು. ಅಂಥದ್ದು ಇನ್ನೊಂದನ್ನು ಅವನು ಕಂಡಿರಲಿಲ್ಲ.

"ಇದನ್ನ ಇಟ್ಕೋ. ಸಾಯೋವರೆಗೂ ಕೈ ಬಿಡಬೇಡ."

"ಸಾಯೋ ಮಾತು ಯಾಕೆ ಮಾಮ ಈಗ," ಎಂದು ಅಳಿಯ ನಕ್ಕ. "ಕೊಟ್ಟೆ ಅಲ್ವಾ, ಸಾಕು. ನಾನು ಬರೋದ್ರೊಳಗೆ ನೀನು ಇಡೀ ದೇಶದ ಬೆಳ್ಳಿ ಕರಗಿಸಿರ್ತೀಯ."

"ನಿನ್ನದೊಂದು ಉಳಿಯುತ್ತೆ ಬಿಡು."

"ಹೆಂಗೆ ಉಳಿಯುತ್ತೆ? ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ? ಎಲ್ಲೇ ಮಾರಿದ್ರೂ ನಿನ್ನ ಮೇಜಿಗೇ ಬರೋದು."

ಒಂದು ವರ್ಷ ಪತ್ರಗಳು ಬಂದವು. ಆಮೇಲೆ ನಿಂತವು. ಸೈನ್ಯದ ಕಚೇರಿಯಲ್ಲಿ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಉತ್ತರ. ಸತ್ತವರ ಪಟ್ಟಿಯಲ್ಲಿಲ್ಲ, ಸೆರೆಸಿಕ್ಕವರ ಪಟ್ಟಿಯೂ ಪೂರ್ತಿ ಬಂದಿಲ್ಲ, ಕಾಯಿರಿ. ತಂಗಿ ಕಾದಳು. ಅವಳ ಮಹಡಿಯ ಕಿಟಕಿಯಿಂದ ಬೀದಿಯ ತಿರುವು ಕಾಣುತ್ತಿತ್ತು. ಮಿಷಿನ್ನನ್ನು ಕಿಟಕಿಯ ಬಳಿಗೆ ಎಳೆದುಕೊಂಡಳು. ಮಧ್ಯಾಹ್ನದ ಡಬ್ಬಿ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಯುದ್ಧದ ಮೂರನೆಯ ವರ್ಷ, ಒಂದು ಬೆಳಗ್ಗೆ, ಚಿಲ್ಲರೆ ಮಾಮ ಹೊಸ ಚೀಲವೊಂದನ್ನು ಮೇಜಿನ ಮೇಲೆ ಸುರಿದ. ಬಲಗೈ ತಾನೇ ತಾನಾಗಿ ತಳ್ಳುತ್ತಿತ್ತು. ಒಂದು ಕಡೆ ಬೆರಳು ನಿಂತಿತು. ಕಿವಿಯಿಂದ ಗದ್ದದವರೆಗೆ ಗೆರೆ.

ಭೂತಗನ್ನಡಿ ಬೇಕಿರಲಿಲ್ಲ, ಆದರೂ ಹಿಡಿದ. ಅದೇ ನಾಣ್ಯ. ಹಿಂಬದಿ ತಿರುಗಿಸಿದ. ಅಲ್ಲಿ ಮೂರು ಹೊಸ ಗೀರುಗಳಿದ್ದವು, ಚೂಪಾದದ್ದೇನನ್ನೋ ಬಲವಾಗಿ ಒತ್ತಿ ಎಳೆದಂಥವು. ಇದ್ದ ಒಂದು ಎಳೆ ಆಸೆಯೂ ಹರಿಯಿತು. ಅಳಿಯ ನಾಣ್ಯ ಮಾರುವವನಲ್ಲ. ಮಾರಿದರೂ ಗೀರುವವನಂತೂ ಅಲ್ಲ, ಮಾಮನ ಎದುರು ಕೂತು ಬೆಳೆದವನು. ಗೀರು ಬಿದ್ದಿದೆ ಎಂದರೆ ಅದು ಕಂಡವರ ಕೈಯಲ್ಲಿ ಓಡಾಡಿದೆ. ಕಂಡವರ ಕೈಗೆ ಹೋಗಿದೆ ಎಂದರೆ ಜೇಬು ತಡಕುವಾಗ ಅಳಿಯ ಬೇಡ ಎನ್ನುವ ಸ್ಥಿತಿಯಲ್ಲಿರಲಿಲ್ಲ. ಮೂವತ್ತು ವರ್ಷ ಕರವಸ್ತ್ರದ ಗಂಟುಗಳನ್ನು ಓದಿದ ಹಾಗೆಯೇ ಅವನು ಇದನ್ನೂ ಓದಿದ.

ಚೀಲ ಎಲ್ಲಿಂದ ಬಂತೆಂದು ಚೀಟಿ ನೋಡಿದ. ಸೇತುವೆಯ ಬಳಿಯ ಒಬ್ಬ ಏಜೆಂಟಿನ ಗುರುತು. ಚೀಟಿಯನ್ನು ಚೀಲದಿಂದ ಕಿತ್ತು ನಾಣ್ಯದ ಜೊತೆ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. ಮಧ್ಯಾಹ್ನ ಒಂದಕ್ಕೆ ತಂಗಿ ಬಂದಳು. ಡಬ್ಬಿ ಇಟ್ಟಳು. "ಮುಖ ಯಾಕೆ ಹಾಗಿದೆ?" ಎಂದಳು.

"ಧೂಳು," ಎಂದ.

ಹೇಳಬೇಕೆಂದು ಮೊದಲ ದಿನ ಅಂದುಕೊಂಡ. ಭಾನುವಾರ ಹೇಳೋಣ ಎಂದುಕೊಂಡ. ಕಾಯುತ್ತಿರುವವರೆಗಾದರೂ ಅವಳು ಉಣ್ಣುತ್ತಾಳೆ, ಹೊಲಿಯುತ್ತಾಳೆ, ಕಾಯುವುದನ್ನೂ ಕಿತ್ತುಕೊಂಡರೆ ಅವಳಲ್ಲಿ ಏನು ಉಳಿಯುತ್ತದೆ. ಹೀಗೆ ಕನಿಕರದ ಹೆಸರಿನಲ್ಲಿ ಒಂದು ತಿಂಗಳು ಹೋಯಿತು. ಎರಡನೆಯ ತಿಂಗಳಿಗೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನು ಹೇಳಲಿ ಎಂಬ ಅಂಜಿಕೆಯೂ ಸೇರಿಕೊಂಡಿತು. ಸುಳ್ಳು ಹೇಳಿದವನಿಗಿಂತ ಮಾತು ನುಂಗಿದವನ ಪಾಡು ಕಷ್ಟ. ಅದು ಒಳಗೇ ಬೆಳೆಯುತ್ತದೆ.

ಹಗಲು ಹೊತ್ತಿನಲ್ಲೇ ಅವನಿಗೆ ಭಯವಾಗತೊಡಗಿತು. ಚೀಲ ಸುರಿದಾಗ ಬೀಳುವ ಸದ್ದು ಸಾವಿರ ಜನ ಒಮ್ಮೆಗೇ ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು. ಒಂದೊಂದು ನಾಣ್ಯ ತಳ್ಳುವಾಗಲೂ ಒಂದೊಂದು ಜೇಬು ಕಣ್ಣಿಗೆ ಬರುತ್ತಿತ್ತು. ಎದುರಿನ ಖಾಲಿ ಕುರ್ಚಿಯಿಂದ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಗಿ ತಲೆ ಎತ್ತಿದರೆ, ಗಡಿಯಾರದವನು ಪಕ್ಕದಲ್ಲಿ ಕೆಮ್ಮಿರುತ್ತಿದ್ದ. ಒಮ್ಮೆ ಮಾತ್ರ ಗಡಿಯಾರದವನು ಬೀಗ ಹಾಕಿಕೊಂಡು ಮದುವೆಗೆ ಹೋಗಿದ್ದ ದಿನವೂ ಆ ಸದ್ದು ಕೇಳಿತು. ಚಿಲ್ಲರೆ ಮಾಮ ಕುರ್ಚಿಯನ್ನು ಗೋಡೆಗೆ ಮುಖಮಾಡಿ ತಿರುಗಿಸಿಟ್ಟ. ತಂಗಿ ಬಂದು ಸರಿಮಾಡಿ ಹೋದಳು. ಡಬ್ಬಿ ಇಡುವಾಗ ಅವಳ ಸೆರಗು ಆ ಡ್ರಾಯರಿನ ಹಿಡಿಗೆ ತಾಕುತ್ತಿತ್ತು. ಪ್ರತಿ ಸಲ ಅವನು ಬೀಗದ ಕಡೆ ನೋಡುತ್ತಿದ್ದ.

ನಾಲ್ಕನೆಯ ತಿಂಗಳ ಕೊನೆಗೆ ತಂಗಿ ಒಂದು ಸುದ್ದಿ ತಂದಳು. ಕಾಣೆಯಾದವರ ವಿಷಯ ತಿಳಿದುಕೊಂಡು ಬರುವ ಒಬ್ಬ ಬ್ರೋಕರು ಸಿಕ್ಕಿದ್ದಾನೆ. ಅವನಿಗೆ ಕೊಡಲು ಹೊಲಿಗೆ ಮಿಷಿನ್ನು ಮಾರುತ್ತಾಳಂತೆ. ಕೊಳ್ಳುವವರು ನಾಳೆಯೇ ಬರುತ್ತಾರಂತೆ.

"ಮಾರಬೇಡ ಪುಟ್ಟಿ," ಎಂದ ಚಿಲ್ಲರೆ ಮಾಮ.

"ಮತ್ತೆ ದುಡ್ಡು ನೀನು ಕೊಡ್ತೀಯಾ?"

"ದುಡ್ಡಿನ ಮಾತಲ್ಲ. ಬ್ರೋಕರು ಹುಡುಕೋದಕ್ಕೆ ಏನೂ ಉಳಿದಿಲ್ಲ."

ಬೀಗ ತೆಗೆದು ನಾಣ್ಯವನ್ನು ಅವಳ ಅಂಗೈಯಲ್ಲಿಟ್ಟ. ಅವಳಿಗೆ ಟಂಕಸಾಲೆ ಗೊತ್ತಿಲ್ಲ, ವರ್ಷ ಗೊತ್ತಿಲ್ಲ. ಆದರೆ ಮಗ ಹೊರಡುವ ದಿನ ಆ ಗೆರೆಯನ್ನು ಹತ್ತು ಸಲ ತೋರಿಸಿದ್ದ.

"ಯಾವಾಗ ಬಂತು?"

"ಹೋದ ವಾರ," ಎಂದ. ನಾಲಿಗೆ ತಾನಾಗಿಯೇ ಹಾಗೆ ಹೊರಳಿತು. ನಾಲ್ಕು ತಿಂಗಳು ಎನ್ನಲು ಧೈರ್ಯವಿರಲಿಲ್ಲ. ಹೇಗಿದ್ದರೂ ಸತ್ತವನಿಗೆ ವಾರವಾದರೇನು, ತಿಂಗಳಾದರೇನು ಎಂದು ಸಮಾಧಾನ ಮಾಡಿಕೊಂಡ.

ಅವಳು ಅಳುತ್ತಾಳೆಂದು ಕಾದ. ಅವಳು ಕುರ್ಚಿಯಲ್ಲಿ ಕುಸಿದು ಕೂತು ನಕ್ಕಳು. ಎರಡು ವರ್ಷದಿಂದ ಕಾಣದ ನಗು.

"ಅಣ್ಣ, ನಿನಗೇನು ಬುದ್ಧಿ ಇದೆಯಾ? ಇದರಲ್ಲಿ ಸಾವೆಲ್ಲಿ ಕಂಡಿತು ನಿನಗೆ? ಅವನಿಗೆ ಹಸಿವಾಗಿದೆ, ಮಾರಿದಾನೆ. ಬದುಕಿದ್ರೆ ತಾನೇ ಹಸಿವಾಗೋದು?"

"ಅವನು ಮಾರೋನಲ್ಲ ಪುಟ್ಟಿ. ಸಾಯೋವರೆಗೂ ಬಿಡಬೇಡ ಅಂದಿದ್ದೆ."

"ನೀನು ಅಂದಿದ್ದೆ. ಹೊಟ್ಟೆ ಕೇಳಬೇಕಲ್ಲ. ನನ್ನ ಮದುವೆ ಉಂಗುರ ಎಲ್ಲಿದೆ ಹೇಳು ನೋಡೋಣ. ಅವನ ಸ್ಕೂಲ್ ಫೀಸಿಗೆ ಹೋಯ್ತು. ನಾನು ಸತ್ತಿದೀನಾ?"

ಇಷ್ಟು ಸರಳವಾದದ್ದು ಮೂವತ್ತು ವರ್ಷದಲ್ಲಿ ಒಮ್ಮೆಯೂ ಚಿಲ್ಲರೆ ಮಾಮನಿಗೆ ಹೊಳೆದಿರಲಿಲ್ಲ. ಅವನ ಅಂಗಡಿಗೆ ಬರುತ್ತಿದ್ದವರು ಹೊಟ್ಟೆ ತುಂಬಿದವರು. ಹಸಿದವರ ನಾಣ್ಯಗಳನ್ನು ಅವನು ಚೀಲದಲ್ಲಿ ಕಂಡಿದ್ದನೇ ಹೊರತು ಅವರನ್ನು ಕಂಡಿರಲಿಲ್ಲ. ತಂಗಿ ಚೀಟಿ ಕೇಳಿದಳು. ಏಜೆಂಟಿನ ಗುರುತು ನೋಡಿದಳು. ಮಾರನೆಯ ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟರು. ಅವಳು ಮಗನಿಗೆಂದು ಎರಡು ಶರ್ಟು, ಒಂದು ಸ್ವೆಟರು, ಡಬ್ಬಿಯ ತುಂಬ ಊಟ ಕಟ್ಟಿಕೊಂಡಿದ್ದಳು.

ಏಜೆಂಟು ಹೆಚ್ಚು ತೊಂದರೆ ಕೊಡಲಿಲ್ಲ. ಅಂಥ ಬೆಳ್ಳಿಯೆಲ್ಲ ಸೇತುವೆಯಾಚೆ, ಶಾಲೆಯ ಗೇಟಿನ ಎದುರು ಬ್ರೆಡ್ಡು ಮಾರುವ ಹೆಂಗಸಿನಿಂದ ಬರುತ್ತದೆ ಎಂದ. ಸೇತುವೆಯ ಮೇಲೆ ಇವರ ಕಾಗದ ನೋಡಿ ಬಿಟ್ಟರು. ಶಾಲೆ ಈಗ ಶಾಲೆಯಾಗಿರಲಿಲ್ಲ. ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಗೇಟಿನ ಎದುರು ತಗಡಿನ ಗೂಡು, ಅದರೊಳಗೆ ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಬ್ರೆಡ್ಡಿನ ಮೇಲೆ ಬಟ್ಟೆ ಹೊದಿಸಿ ಕೂತಿದ್ದಳು. ತಂಗಿ ನಾಣ್ಯವನ್ನು ಮುಂದೆ ಹಿಡಿದಳು. ಆ ಹೆಂಗಸು ಅದನ್ನು ತಿರುಗಿಸಿ ಹಿಂಬದಿಯ ಮೂರು ಗೀರು ನೋಡಿದಳು. ಆಮೇಲೆ ಚಿಲ್ಲರೆ ಮಾಮನ ಮುಖ ನೋಡಿದಳು.

"ಓ," ಎಂದಳು. "ಮಾಮ ನೀವೇನಾ."

"ನನ್ನ ಮಗ ಎಲ್ಲಿ?" ಎಂದಳು ತಂಗಿ.

ಆಕೆ ಗೂಡಿನಿಂದ ಹೊರಗೆ ಬಂದಳು. ತಾನು ಕೂತಿದ್ದ ಸ್ಟೂಲನ್ನು ತಂಗಿಗೆ ಕೊಟ್ಟಳು. ಆ ಸ್ಟೂಲು ಕೊಟ್ಟ ರೀತಿಯಲ್ಲೇ ಚಿಲ್ಲರೆ ಮಾಮನಿಗೆ ಎಲ್ಲ ತಿಳಿಯಿತು.

"ಇಪ್ಪತ್ಮೂರು ದಿನ ಆಯ್ತಮ್ಮ," ಎಂದಳು ಆಕೆ. "ಕಾಲಿನ ಗಾಯ ಕೀವಾಗಿತ್ತು. ಕೊನೆಗೆ ಜ್ವರ."

ಆಕೆ ಹೇಳಿದ್ದು ಇಷ್ಟು. ಸೆರೆಯಿಂದ ಬಿಟ್ಟವರನ್ನು ಆ ಶಾಲೆಯಲ್ಲಿ ಇಟ್ಟಿದ್ದರು. ಗುರುತಿನ ಕಾಗದ ಇದ್ದವರು ಸೇತುವೆ ದಾಟಿ ಮನೆಗೆ ಹೋದರು. ಕಾಗದ ಕಳೆದುಕೊಂಡವರನ್ನು ಬಿಡುವಂತಿಲ್ಲ. ಸ್ವಂತದವರು ಬಂದು ಇವನು ನಮ್ಮವನು ಎಂದು ಸಹಿ ಹಾಕಬೇಕು. ಸಹಿ ಹಾಕಿದರೆ ಅವತ್ತೇ ಬಿಡುತ್ತಾರೆ, ಆಚೆ ದೊಡ್ಡ ಆಸ್ಪತ್ರೆ ಇದೆ. ಆದರೆ ಬಂದು ಸಹಿ ಹಾಕಿ ಎಂದು ಹೇಳಿ ಕಳಿಸುವುದು ಹೇಗೆ? ಗುರುತಿಲ್ಲದವರ ಪತ್ರವನ್ನು ಅಂಚೆಯವರು ಒಯ್ಯುವುದಿಲ್ಲ.

"ಪತ್ರ ದಾಟಲ್ಲ, ಬೆಳ್ಳಿ ದಾಟುತ್ತೆ ಅಂತ ಒಂದು ದಿನ ಈ ನಾಣ್ಯ ತಂದ. ಮೊಳೆ ಕೇಳಿದ. ಕೊಟ್ಟೆ. ನನ್ನೆದುರೇ ಮೂರು ಗೀರು ಎಳೆದ. ಯಾಕಪ್ಪ ಒಳ್ಳೆ ನಾಣ್ಯ ಹಾಳು ಮಾಡ್ತೀಯ ಅಂದೆ. ನಗ್ತಾನೆ ಅವನು. ಎಲ್ಲೇ ಮಾರಿದ್ರೂ ಇದು ನಮ್ಮ ಮಾಮನ ಮೇಜಿಗೇ ಹೋಗೋದು. ಮನುಷ್ಯರಿಗೆ ಗಾಯ ಆದ್ರೆ ನಮ್ಮ ಮಾಮ ತಡ್ಕೋತಾನೆ, ನಾಣ್ಯಕ್ಕೆ ಗಾಯ ಆದ್ರೆ ತಡ್ಕೊಳಲ್ಲ. ಯಾರು ಗೀರಿದ್ದು ಅಂತ ಹುಡುಕ್ಕೊಂಡು ಬಂದೇ ಬರ್ತಾನೆ, ನನ್ನ ಬೈಯೋಕೆ. ಹಾಗಂದ. ಹದಿನೈದು ದಿನ ಸಾಕು ಅಂದ. ದಿನಾ ಬೆಳಗ್ಗೆ ಗೇಟಿನ ಹತ್ರ ಬಂದು ಕೂರ್ತಿದ್ದ. ಕೊನೇಲಿ ನಡೆಯೋಕೆ ಆಗ್ತಿರಲಿಲ್ಲ, ಇನ್ನೊಬ್ಬರು ತಂದು ಕೂರಿಸ್ತಿದ್ರು."

"ಯಾವತ್ತು ಕೊಟ್ಟ ಇದನ್ನ?" ಎಂದಳು ತಂಗಿ.

"ನಾಲ್ಕು ತಿಂಗಳ ಮೇಲಾಯ್ತಮ್ಮ."

ತಂಗಿ ಈಗ ತನ್ನ ಕಡೆ ತಿರುಗುತ್ತಾಳೆ ಎಂದುಕೊಂಡ ಚಿಲ್ಲರೆ ಮಾಮ. ಅವಳು ಆ ಹೆಂಗಸಿನ ಕಡೆಗೇ ನೋಡುತ್ತ, "ಚೀಲ ದಾರೀಲಿ ಎಲ್ಲೋ ಬಿದ್ದಿತ್ತು ಕಣಮ್ಮ. ನಮ್ಮಣ್ಣನ ಕೈಗೆ ಸಿಕ್ಕಿದ್ದು ಹೋದ ವಾರ. ಸಿಕ್ಕಿದ ಕೂಡಲೇ ಬಂದ್ವಿ" ಎಂದಳು. ಬಂದದ್ದು ತಡವಾಯಿತಲ್ಲ ಎಂದು ಅಪರಿಚಿತಳ ಎದುರು ಅಣ್ಣನ ಪರವಾಗಿ ತಪ್ಪೊಪ್ಪಿಕೊಳ್ಳುವ ಹಾಗಿತ್ತು ಅವಳ ದನಿ.

ಶಾಲೆಯ ಹಿಂದಿನ ಗೋಡೆಯ ಬಳಿ ಸಾಲಾಗಿ ಮಣ್ಣು ಗುಡ್ಡೆ ಹಾಕಿದ್ದರು. ಪ್ರತಿಯೊಂದಕ್ಕೂ ಒಂದು ಹಲಗೆ, ಹಲಗೆಯ ಮೇಲೆ ನಂಬರು. ಹೆಸರು ಬರೆಯಬೇಕೆಂದರೆ ಸ್ವಂತದವರು ಸಹಿ ಹಾಕಬೇಕು ಎಂದರು. ತಂಗಿ ಹಾಕಿದಳು. ಶರ್ಟು, ಸ್ವೆಟರುಗಳನ್ನು ಒಳಗಿದ್ದವರಿಗೆ ಕೊಟ್ಟಳು. ಡಬ್ಬಿಯನ್ನೂ ಕೊಟ್ಟಳು.

ಮರಳುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು. ಬಿಸಿಲು ಇನ್ನೂ ಇತ್ತು. ತಂಗಿ ಅವನ ಕೈ ಮೇಲೆ ಕೈಯಿಟ್ಟಳು.

"ನೀನು ಕೊರಗಬೇಡ ಅಣ್ಣ. ಹೋದ ವಾರ ಅದು ಸಿಗೋ ಹೊತ್ತಿಗೇ ಅವನು ಹೋಗಿಬಿಟ್ಟಿದ್ದ. ನಿನ್ನ ಕೈಲೇನಿತ್ತು. ನೀನು ಬರ್ತೀಯ ಅಂತ ಅವನು ನಂಬ್ಕೊಂಡಿದ್ದನಲ್ಲ, ಅಷ್ಟು ಸಾಕು ನಂಗೆ."

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಿಜ ತಿಳಿದವನು ಭೂಮಿಯ ಮೇಲೆ ಅವನೊಬ್ಬನೇ. ಚೀಲದ ಚೀಟಿಯಲ್ಲಿ ತಾರೀಖಿರಲಿಲ್ಲ. ಕುಲುಮೆಯವನಿಗೆ ಒಂದು ನಾಣ್ಯ ಹೋದದ್ದೂ ಗೊತ್ತಿರಲಿಲ್ಲ. ತಂಗಿಗಾದರೂ ನೆಮ್ಮದಿ ಉಳಿಯಲಿ ಎಂದುಕೊಂಡ. ನಾಲ್ಕು ತಿಂಗಳ ಹಿಂದೆ ಡ್ರಾಯರಿಗೆ ಬೀಗ ಹಾಕುವಾಗಲೂ ಇದೇ ಮಾತು ಅಂದುಕೊಂಡಿದ್ದ.

"ಹೋದ ವಾರ ಅಲ್ಲ ಪುಟ್ಟಿ," ಎಂದ. "ಅವನು ಹೇಳಿದ ಹಾಗೇ ಹದಿನೈದು ದಿನಕ್ಕೆ ಬಂತು. ನಾನೇ ಇಟ್ಕೊಂಡಿದ್ದೆ. ಸತ್ತಿದಾನೆ ಅಂದ್ಕೊಂಡೆ. ನಿನಗೆ ಹೇಳೋಕೆ ಬಾಯಿ ಬರಲಿಲ್ಲ."

ಅವಳು ಕೈ ತೆಗೆಯಲಿಲ್ಲ. ಆದರೆ ಆ ಕೈಯಲ್ಲಿ ಜೀವವಿದ್ದ ಹಾಗೆ ತೋರಲಿಲ್ಲ.

"ಎಲ್ಲಿಟ್ಟಿದ್ದೆ?"

"ಮೇಜಿನ ಡ್ರಾಯರಲ್ಲಿ."

"ನಾನು ಡಬ್ಬಿ ಇಡೋ ಮೇಜು."

"ಹೂಂ."

ಊರು ಬಂದಾಗ ಅವಳು ಅವನಿಗಿಂತ ಮೊದಲು ಎದ್ದಳು. ಇಳಿದು ತನ್ನ ಬೀದಿಗೆ ಹೊರಳಿದಳು.

ಎಂಟು ದಿನ ಡಬ್ಬಿ ಬರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಚಿಲ್ಲರೆ ಮಾಮ ಬೀಗ ತೆಗೆಯುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಬರಿಗೈಯಲ್ಲಿ ಬಂದಿದ್ದಳು. ಒಳಗೆ ಬಂದು ಮಗ ಕೂರುತ್ತಿದ್ದ ಕುರ್ಚಿಯಲ್ಲಿ ಕೂತಳು. ಅವನು ಚೀಲ ಸುರಿದ. ಬೆಂಕಿಗೆಂದು ಬಲಗೈ ತಳ್ಳಿದ ಮೊದಲ ನಾಣ್ಯವನ್ನು ಅವಳು ತಡೆದು ಎತ್ತಿಕೊಂಡಳು. ಅಂಚು ಹಿಡಿಯಲಿಲ್ಲ, ಅಂಗೈಯಲ್ಲೇ ಹಿಡಿದಳು.

"ಇದು ಯಾರದು?"

"ಗೊತ್ತಿಲ್ಲ."

"ಕೇಳಿ ಬಾ."

ಹೀಗೆ ಒಂದೊಂದು ನಾಣ್ಯಕ್ಕೂ ಅವನು ಕೇಳಿ ಬರಲು ಹೊರಟರೆ ಕುಲುಮೆ ನಡೆಯುತ್ತದೆಯೇ? ದಿನಕ್ಕೆ ಒಂದು ಚೀಲ ಮುಗಿಯುವ ಕಡೆ ವಾರಕ್ಕೊಂದೂ ಮುಗಿಯಲಿಲ್ಲ. ಕುಲುಮೆಯವನು ಕೂಗಾಡಿ ಕೆಲಸ ಬಿಡಿಸಿದ. ಮುಂದಿನ ವರ್ಷ ಯುದ್ಧವೂ ನಿಂತಿತು. ನೋಟಿಗೆ ಬೆಲೆ ಬಂತು, ಬೆಳ್ಳಿ ಇಳಿಯಿತು, ಮತ್ತೆ ವರ್ಷ, ಟಂಕಸಾಲೆ ಕೇಳುವ ಗಿರಾಕಿಗಳು ಬಂದರು. ಅಷ್ಟೊಂದು ಕರಗಿಹೋಗಿದ್ದರಿಂದ, ಅಂದು ತೂಕಕ್ಕೆ ಹೋಗುತ್ತಿದ್ದ ಸಾಮಾನ್ಯ ನಾಣ್ಯಗಳೇ ಈಗ ಅಪರೂಪವಾದವು, ಅವಕ್ಕೆ ಜನ ಮೇಲುಬಿದ್ದು ದುಡ್ಡು ಕೊಡತೊಡಗಿದರು. ಒಳ್ಳೆಯ ಕಾಲ ಬಂತು ಎಂದರು ಹಲ್ಲಿನ ಡಾಕ್ಟರು. ಚಿಲ್ಲರೆ ಮಾಮ ತಲೆಯಾಡಿಸಿದ.

ಮಾರಲು ಬಂದ ನಾಣ್ಯಗಳಲ್ಲಿ ಗೀರು ಬಿದ್ದದ್ದು ಕಂಡರೆ, ಈಗ ದಿನವೂ ಆ ಕುರ್ಚಿಯಲ್ಲಿ ಕೂರುವ ತಂಗಿ ಅದನ್ನು ಬೇರೆ ತೆಗೆದು ಅವನ ಮುಂದೆ ಸರಿಸುತ್ತಾಳೆ. ಅವನು ಕೋಟು ಹಾಕಿಕೊಂಡು ಹೊರಡುತ್ತಾನೆ. ಮಾರಿದವರ ಮನೆ, ಅವರಿಗೆ ಕೊಟ್ಟವರ ಮನೆ, ಅವರಿಗೂ ಹಿಂದಿನವರ ಮನೆ. ಅರವತ್ತು ದಾಟಿದ ಮುದುಕನೊಬ್ಬ ಬಾಗಿಲು ತಟ್ಟಿ, ಇದನ್ನು ಯಾರು ಗೀರಿದ್ದು ಎಂದು ಕೇಳಿದರೆ ಜನ ಜಗಳಕ್ಕೆ ಬಂದವನೆಂದೇ ತಿಳಿಯುತ್ತಾರೆ. ಎಷ್ಟೋ ಕಡೆ ಬಾಗಿಲು ಮುಖದ ಮೇಲೆ ಬಡಿಯುತ್ತದೆ. ಒಮ್ಮೊಮ್ಮೆ ಮಾತ್ರ ಒಳಗಿನಿಂದ ಯಾರೋ ಕೈ ಒರೆಸಿಕೊಳ್ಳುತ್ತ ಬಂದು, "ನಾನೇ ಕಣ್ರೀ, ಯಾಕೆ, ಏನಾಯ್ತು?" ಎನ್ನುತ್ತಾರೆ. ಅವನಿಗೆ ಬೈಯಲು ಬರುವುದಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತುಬಿಡುತ್ತಾನೆ.

ಅಂಗಡಿಗೆ ಬಂದು, "ಬದುಕಿದಾನೆ" ಎಂದು ತಂಗಿಗೆ ಹೇಳುತ್ತಾನೆ. ಅವಳು ಹೂಂ ಎಂದು ಮುಂದಿನದನ್ನು ಸರಿಸುತ್ತಾಳೆ. ಅವನನ್ನು ಈಗ ಅಣ್ಣ ಎಂದು ಕರೆಯುವುದಿಲ್ಲ.